ಚೆರಿ ಮರದ ಪಾದ್ರಿ: ಮೇಸನ್ ಲಾಕ್ ವೀಮ್ಸ್

ಎಳೆಯರಿಗಾಗಿ ಬರೆಯುವ ಜೀವನಚರಿತ್ರೆಯಲ್ಲಿ ಸತ್ಯಕ್ಕೆಷ್ಟು ಸ್ಥಾನ, ನೀತಿಗೆಷ್ಟು ಸ್ಥಾನ ಎಂಬ ಪ್ರಶ್ನೆ ಎಲ್ಲ ಸಾಹಿತ್ಯಗಳಲ್ಲಿಯೂ ಒಂದಿಲ್ಲೊಂದು ಕಾಲದಲ್ಲಿ ಎದ್ದಿರುವಂಥದು. ಅಮೆರಿಕದ ಸಾಹಿತ್ಯದಲ್ಲಿ ಆ ಪ್ರಶ್ನೆಯನ್ನು ಒಬ್ಬನೇ ವ್ಯಕ್ತಿಯ ಬಾಳಿನೊಳಗಿಟ್ಟು ನೋಡಬಹುದಾಗಿದೆ. ಆತನೇ ಮೇಸನ್ ಲಾಕ್ ವೀಮ್ಸ್. ಚೆರಿ ಮರಕ್ಕೆ ಕೊಡಲಿಯಿಟ್ಟು, ತಂದೆ ಕೇಳಿದಾಗ ಸುಳ್ಳಾಡದೆ ತಪ್ಪನ್ನು ಒಪ್ಪಿಕೊಂಡ ಬಾಲಕ ಜಾರ್ಜ್ ವಾಷಿಂಗ್ಟನ್ನನ ಕಥೆ ಕನ್ನಡ ಶಾಲೆಗಳಲ್ಲಿ ಓದಿದವರಿಗೂ ಅಪರಿಚಿತವಲ್ಲ. ಕಥೆಯನ್ನು ಬಲ್ಲವರು ಅಸಂಖ್ಯ. ಅದನ್ನು ಮೊದಲು ಅಚ್ಚಿಗೆ ಕೊಟ್ಟವನ ಹೆಸರನ್ನು ಬಲ್ಲವರು ವಿರಳ. ಸತ್ಯವನ್ನೇ ನುಡಿಯಬೇಕೆಂದು ಮಕ್ಕಳಿಗೆ ಕಲಿಸುವ ಈ ಕಥೆಗೆ ಐತಿಹಾಸಿಕ ಆಧಾರವಿಲ್ಲವೆಂಬುದನ್ನು ವಿದ್ವಾಂಸರು ನೂರು ವರ್ಷಗಳಿಗೂ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಆದರೆ ಅಷ್ಟು ಹೇಳಿ ವೀಮ್ಸ್‌ನನ್ನು ಕೈಬಿಟ್ಟರೆ ಅವನು ನಿಜವಾಗಿ ಮಾಡಿದ್ದೇನು, ಮಾಡದೆ ಬಿಟ್ಟಿದ್ದೇನು ಎಂಬುದು ತಿಳಿಯದೆ ಹೋಗುತ್ತದೆ.

ವೀಮ್ಸ್ ಹುಟ್ಟಿದ್ದು 1759ರ ಅಕ್ಟೋಬರ್ ತಿಂಗಳಿನಲ್ಲಿ, ಮೇರಿಲ್ಯಾಂಡ್ ಪ್ರಾಂತದ ಆ್ಯನ್ ಅರಂಡೆಲ್ ಕೌಂಟಿಯಲ್ಲಿ. ಸ್ಕಾಟ್ಲೆಂಡ್ ಮೂಲದ ಮನೆತನ. ತಂದೆ ಡೇವಿಡ್ ವೀಮ್ಸ್‌ನ ಹತ್ತೊಂಬತ್ತು ಮಕ್ಕಳಲ್ಲಿ ಇವನೇ ಕಡೆಯವನೆಂದು ಹೇಳುತ್ತಾರೆ. ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಹೋರಾಡಿ ಸ್ವತಂತ್ರವಾದ ಕಾಲದಲ್ಲಿಯೇ ಅವನ ಯೌವನ ಕಳೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಪಾದ್ರಿಯಾಗಬೇಕೆಂಬ ಸಂಕಲ್ಪ ಮಾಡಿ ಲಂಡನ್ನಿಗೆ ಹೋದ ಅವನಿಗೆ ಒಂದು ವಿಚಿತ್ರ ತೊಡಕು ಎದುರಾಯಿತು. ಇಂಗ್ಲೆಂಡಿನ ಚರ್ಚಿನ ವಿಧಿಯಂತೆ ದೀಕ್ಷೆ ಪಡೆಯುವವನು ಅರಸನಿಗೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕಿತ್ತು. ಸ್ವತಂತ್ರ ರಾಷ್ಟ್ರದ ಪ್ರಜೆ ಅಂಥ ಪ್ರಮಾಣ ಮಾಡುವುದು ಹೇಗೆ? ವೀಮ್ಸ್ ಸುಮ್ಮನೆ ಕೂಡಲಿಲ್ಲ. ಯೂರೋಪಿನಲ್ಲಿ ಅಮೆರಿಕದ ಪ್ರತಿನಿಧಿಗಳಾಗಿದ್ದ ಜಾನ್ ಆ್ಯಡಮ್ಸ್ ಮತ್ತು ಬೆಂಜಮಿನ್ ಫ್ರ್ಯಾಂಕ್ಲಿನ್‌ರಿಗೆ ಪತ್ರ ಬರೆದು ದಾರಿ ಕೇಳಿದನು. ಆ್ಯಡಮ್ಸ್‌ನ ಪ್ರಯತ್ನದಿಂದ ಡೆನ್ಮಾರ್ಕಿನ ಬಿಷಪ್ಪರು ದೀಕ್ಷೆ ಕೊಡಲು ಮುಂದಾದರು. ಫ್ರ್ಯಾಂಕ್ಲಿನ್ನನೋ, ನಿಮ್ಮ ಪಾದ್ರಿಗಳನ್ನು ನೀವೇ ಏಕೆ ಆರಿಸಿಕೊಳ್ಳಬಾರದೆಂದು ತನ್ನ ಎಂದಿನ ವಿನೋದದಲ್ಲಿ ಕೇಳಿದನು. ಕೊನೆಗೆ 1784ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನನ್ನು ಸಡಿಲಿಸಿ, ಪರದೇಶಗಳಲ್ಲಿ ಸೇವೆ ಮಾಡುವವರಿಗೆ ಆ ಪ್ರಮಾಣದಿಂದ ವಿನಾಯಿತಿ ನೀಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೀಮ್ಸ್‌ಗೆ ದೀಕ್ಷೆಯಾಯಿತು. ಹೀಗೆ ಅಮೆರಿಕದ ಸೇವೆಗೆಂದು ಈ ಹೊಸ ನಿಯಮದಡಿ ದೀಕ್ಷಿತರಾದ ಮೊದಲಿಗರಲ್ಲಿ ಅವನೊಬ್ಬ.

ಮೇರಿಲ್ಯಾಂಡಿಗೆ ಹಿಂದಿರುಗಿ ಎರಡು ಚರ್ಚುಗಳಲ್ಲಿ ಕೆಲವು ವರ್ಷ ಪಾದ್ರಿಯಾಗಿದ್ದನಾದರೂ ಆ ಬದುಕು ಅವನಿಗೆ ಒಗ್ಗಲಿಲ್ಲ. ಕ್ರಾಂತಿಯ ತರುವಾಯ ಸರಕಾರದ ಆಶ್ರಯವನ್ನು ಕಳೆದುಕೊಂಡಿದ್ದ ಆ ಚರ್ಚಿನ ಪಾದ್ರಿಗಳ ಆದಾಯವೂ ಅಷ್ಟಕ್ಕಷ್ಟೆ. 1790ರ ದಶಕದ ಆರಂಭದಲ್ಲಿ ಅವನು ಪುಸ್ತಕಗಳನ್ನು ಅಚ್ಚು ಹಾಕಿಸಿ ಮಾರುವ ಕೆಲಸಕ್ಕೆ ತೊಡಗಿ, ದಶಕದ ಮಧ್ಯಭಾಗದ ವೇಳೆಗೆ ಫಿಲಡೆಲ್ಫಿಯಾದ ಪ್ರಕಾಶಕ ಮ್ಯಾಥ್ಯೂ ಕ್ಯಾರಿಯ ಸಂಚಾರಿ ಪ್ರತಿನಿಧಿಯಾದನು. ಈ ಕ್ಯಾರಿ ಡಬ್ಲಿನ್ನಿನಿಂದ ಓಡಿಬಂದ ಐರಿಷ್ ಕ್ಯಾಥೊಲಿಕ್. ಹೊಸ ರಾಷ್ಟ್ರದ ಪುಸ್ತಕೋದ್ಯಮವನ್ನು ಕಟ್ಟಿದವರಲ್ಲಿ ಪ್ರಮುಖ. ಪ್ರೊಟೆಸ್ಟೆಂಟ್ ಪಾದ್ರಿಗೂ ಕ್ಯಾಥೊಲಿಕ್ ವ್ಯಾಪಾರಿಗೂ ನಡುವೆ ಏರ್ಪಟ್ಟ ಈ ನಂಟು ಜಗಳ, ರಾಜಿ, ಲೆಕ್ಕಪತ್ರಗಳ ನಡುವೆ ವೀಮ್ಸ್‌ನ ಕೊನೆಗಾಲದವರೆಗೂ ಒಂದಲ್ಲ ಒಂದು ರೀತಿಯಲ್ಲಿ ಮುಂದುವರಿಯಿತು.

1795ರಲ್ಲಿ ವೀಮ್ಸ್ ವರ್ಜೀನಿಯಾದ ಫ್ರಾನ್ಸೆಸ್ ಯೂಯೆಲ್ ಎಂಬಾಕೆಯನ್ನು ಮದುವೆಯಾಗಿ ಡಂಫ್ರೀಸ್ ಎಂಬ ಸಣ್ಣ ಊರಿನಲ್ಲಿ ಸಂಸಾರ ಹೂಡಿದನು. ಹತ್ತು ಮಕ್ಕಳಾದವು. ಆ ಊರಿನಲ್ಲಿ ಅವನು ಪುಸ್ತಕದಂಗಡಿ ನಡೆಸಿದ ಪುಟ್ಟ ಕಟ್ಟಡ ಮುಂದೆ ಅವನ ಹೆಸರನ್ನೂ ಹೊತ್ತ ವಸ್ತುಸಂಗ್ರಹಾಲಯವಾಯಿತು. ಯೂಯೆಲ್ ಮನೆತನ ವಾಷಿಂಗ್ಟನ್ನನ ಬಳಗಕ್ಕೆ ದೂರದ್ದಲ್ಲ. ವಾಷಿಂಗ್ಟನ್ನನ ಆಪ್ತ ವೈದ್ಯ ಜೇಮ್ಸ್ ಕ್ರೇಕ್‌ನ ಪತ್ನಿ ಆ ಮನೆತನದವಳೇ. ಮದುವೆಗೆ ಮೊದಲೇ, 1787ರ ಮಾರ್ಚ್ ತಿಂಗಳಿನಲ್ಲಿ, ವೀಮ್ಸ್ ಮೌಂಟ್ ವರ್ನನ್ನಿನಲ್ಲಿ ಒಂದು ರಾತ್ರಿ ತಂಗಿದ್ದುದನ್ನು ವಾಷಿಂಗ್ಟನ್ನನೇ ದಿನಚರಿಯಲ್ಲಿ ಗುರುತು ಹಾಕಿದ್ದಾನೆ. ಹಾಗಾಗಿ ವೀಮ್ಸ್‌ಗೆ ಆ ಕುಟುಂಬದ ಪರಿಚಯವೇ ಇರಲಿಲ್ಲವೆನ್ನುವುದು ಸರಿಯಲ್ಲ. ಅದೇ ವೇಳೆ, ತಾನು ಮೌಂಟ್ ವರ್ನನ್ ಪ್ಯಾರಿಷ್‌ನ ಹಿಂದಿನ ಪಾದ್ರಿಯೆಂದು ಪುಸ್ತಕದ ಶೀರ್ಷಿಕೆ ಪುಟದಲ್ಲಿ ಅವನು ಹಾಕಿಕೊಂಡ ಬಿರುದೂ ಸರಿಯಲ್ಲ. ಅಂಥ ಹೆಸರಿನ ಪ್ಯಾರಿಷ್ಷೇ ಇರಲಿಲ್ಲ. ವಾಷಿಂಗ್ಟನ್ ಹಿಂದೆ ಹೋಗುತ್ತಿದ್ದ ಪೋಹಿಕ್ ಚರ್ಚಿನಲ್ಲಿ ವೀಮ್ಸ್ ಆಗಾಗ ಪ್ರವಚನ ಮಾಡಿದ್ದುಂಟು, ಅಷ್ಟೆ.

ಮೂವತ್ತು ವರ್ಷಗಳ ಕಾಲ ಈ ಮನುಷ್ಯ ನ್ಯೂಯಾರ್ಕಿನಿಂದ ಜಾರ್ಜಿಯಾದವರೆಗೆ ಕುದುರೆಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ತಿರುಗಿದನು. ರಸ್ತೆಗಳೆನ್ನುವಂಥ ರಸ್ತೆಗಳಿರಲಿಲ್ಲ, ಸೇತುವೆಯಿಲ್ಲದ ಹೊಳೆಗಳು, ಕೆಸರು, ಜ್ವರ. ಗಾಡಿಯಲ್ಲಿ ಪುಸ್ತಕಗಳ ಜೊತೆಗೆ ಪಿಟೀಲೂ ಇರುತ್ತಿತ್ತಂತೆ. ನ್ಯಾಯಾಲಯ ಕೂಡುವ ದಿನ, ಚುನಾವಣೆಯ ದಿನ, ಜಾತ್ರೆಯ ದಿನ, ಎಲ್ಲಿ ಜನ ಸೇರುವರೋ ಅಲ್ಲಿ ಅವನು ಹಾಜರು. ಪ್ರವಚನ ಮಾಡುವನು, ನಗಿಸುವನು, ಅಳಿಸುವನು, ಆಮೇಲೆ ಪುಸ್ತಕ ಮಾರುವನು. ಬೈಬಲ್ ಮಾರುವವನ ಗಾಡಿಯಲ್ಲಿ ಧರ್ಮವನ್ನು ಖಂಡಿಸಿದ ಥಾಮಸ್ ಪೇನ್‌ನ ಗ್ರಂಥವೂ ಇದ್ದುದನ್ನು ಕಂಡು ಒಬ್ಬ ಯುವ ಪಾದ್ರಿ ದಂಗಾದಾಗ, ವೀಮ್ಸ್ ಅದಕ್ಕೆ ಬಿಷಪ್ ವಾಟ್ಸನ್ ಬರೆದ ಉತ್ತರವನ್ನು ಎತ್ತಿ ತೋರಿಸಿ, ವಿಷವೂ ತನ್ನಲ್ಲಿದೆ, ಮದ್ದೂ ತನ್ನಲ್ಲಿದೆ ಎಂಬ ಅರ್ಥದ ಸಮಾಧಾನ ಹೇಳಿದನಂತೆ. ಮುಂದೆ ತಾನೂ ಬಿಷಪ್ಪನಾದ ಆ ಯುವಕ, ವಿಲಿಯಂ ಮೀಡ್, ಈ ಪ್ರಸಂಗವನ್ನು ಅಷ್ಟೇನೂ ಮೆಚ್ಚುಗೆಯಿಲ್ಲದೆ ದಾಖಲಿಸಿದ್ದಾನೆ.

ಇಂಥ ಅಲೆದಾಟ ವೀಮ್ಸ್‌ಗೆ ಕೊಟ್ಟ ವಿದ್ಯೆಯೊಂದಿದೆ. ಯಾವ ಪುಸ್ತಕವನ್ನು ಜನ ಕೈಗೆತ್ತಿಕೊಳ್ಳುತ್ತಾರೆ, ಯಾವುದನ್ನು ಮುಟ್ಟಿ ಹಾಗೆಯೇ ಕೆಳಗಿಡುತ್ತಾರೆ ಎಂಬುದನ್ನು ಅವನು ಕಣ್ಣಾರೆ ಕಂಡನು. ನಗರದಲ್ಲಿ ಕುಳಿತ ಕ್ಯಾರಿ ಬಿಕರಿಯಾಗದ ಭಾರೀ ಧರ್ಮಗ್ರಂಥಗಳನ್ನು ಪೆಟ್ಟಿಗೆಗಟ್ಟಲೆ ಕಳಿಸುತ್ತಿದ್ದರೆ, ವೀಮ್ಸ್ ಸಣ್ಣ, ಅಗ್ಗದ, ಚಿತ್ರವುಳ್ಳ, ಹೊದಿಕೆಯಲ್ಲಿ ಕಳೆಯುಳ್ಳ ಪುಸ್ತಕಗಳಿಗಾಗಿ ಪತ್ರದ ಮೇಲೆ ಪತ್ರ ಬರೆದು ಬೇಡುತ್ತಿದ್ದನು. ರೈತನ ಮನೆಯಲ್ಲಿ ಪುಸ್ತಕ ಕೊಳ್ಳುವವನು ತಂದೆಯಾದರೂ ಓದುವುದು ಮಕ್ಕಳು ಎಂಬುದು ಅವನಿಗೆ ಗೊತ್ತಿತ್ತು. ಅಮೆರಿಕದಲ್ಲಿ ಎಳೆಯರಿಗಾಗಿ ಬಂದ ಚರಿತ್ರೆಯ ಪುಸ್ತಕಗಳ ಮೂಲವನ್ನು ವಿಶ್ವವಿದ್ಯಾಲಯಗಳಲ್ಲಿ ಹುಡುಕುವುದಕ್ಕಿಂತ ಈ ಗಾಡಿಯಲ್ಲಿ ಹುಡುಕುವುದು ಹೆಚ್ಚು ಸಮಂಜಸ.

ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರ್ 14ರಂದು. ವೀಮ್ಸ್ ಸತ್ತವನ ಹೆಸರನ್ನು ಹಣ ಮಾಡಿಕೊಳ್ಳಲು ಮರುದಿನವೇ ಲೇಖನಿ ಹಿಡಿದನೆಂದು ಆಡಿಕೊಳ್ಳುವುದುಂಟು. ಆದರೆ ಅದಕ್ಕೆ ಆರು ತಿಂಗಳು ಮೊದಲೇ, ಆ ವರ್ಷದ ಜೂನ್‌ನಲ್ಲಿ, ವಾಷಿಂಗ್ಟನ್ನನ ಗುಣವಿಶೇಷಗಳನ್ನು ಕುರಿತ ಕಿರುಪುಸ್ತಕವೊಂದು ಸಿದ್ಧವಾಗುತ್ತಿದೆಯೆಂದೂ, ಕಾಲು ಡಾಲರಿಗೆ ಮಾರಿದರೆ ಚೆನ್ನಾಗಿ ಖರ್ಚಾಗುವುದೆಂದೂ ಅವನು ಕ್ಯಾರಿಗೆ ಬರೆದಿದ್ದನು. ಮರಣದ ಸುದ್ದಿ ಬಂದ ಮೇಲೆ 1800ರ ಜನವರಿಯಲ್ಲಿ ಬರೆದ ಪತ್ರದಲ್ಲಿ, ಜನಕೋಟಿ ಆ ಮಹಾಪುರುಷನ ವಿಷಯ ಓದಲು ಬಾಯ್ದೆರೆದು ಕಾದಿರುವರೆಂದು ಅವಸರಪಡಿಸಿದನು. ಲಾಭದ ಆಸೆ ಅವನಿಗಿರಲಿಲ್ಲವೆಂದು ವಾದಿಸುವ ಅಗತ್ಯವಿಲ್ಲ. ಪತ್ರಗಳಲ್ಲಿ ಅವನು ಅದನ್ನು ಮುಚ್ಚಿಟ್ಟಿಲ್ಲ. ಗಮನಿಸಬೇಕಾದದ್ದು ಅದೇ ಪತ್ರದಲ್ಲಿ ಅವನು ಹಾಕಿಕೊಟ್ಟ ಯೋಜನೆ. ಮೊದಲು ವಾಷಿಂಗ್ಟನ್ನನ ಬಾಳಿನ ಘಟನೆಗಳು; ಬಳಿಕ ಆ ಏಳಿಗೆಗೆ ಕಾರಣವಾದ ಸದ್ಗುಣಗಳು: ದೈವಭಕ್ತಿ, ದೇಶಪ್ರೇಮ, ಔದಾರ್ಯ, ದುಡಿಮೆ, ಮಿತಾಚಾರ, ನ್ಯಾಯ. ಎಂಬತ್ತು ಪುಟಗಳ ಆಸುಪಾಸಿನ ಆ ಪುಸ್ತಕ ಅದೇ ವರ್ಷ ಅಚ್ಚಾಯಿತು.

ಮುಂದಿನ ಆವೃತ್ತಿಗಳಲ್ಲಿ ಬೆಳೆದ ಈ ಪುಸ್ತಕದ ಮೊದಲ ಅಧ್ಯಾಯದ ವಾದ ಇಂದಿಗೂ ಪರಿಶೀಲನಾರ್ಹ. ವಾಷಿಂಗ್ಟನ್ನನ ಯುದ್ಧಗಳನ್ನೂ ಅಧಿಕಾರವನ್ನೂ ವರ್ಣಿಸುವ ಗ್ರಂಥಗಳಿಂದ ಒಬ್ಬ ಹುಡುಗನಿಗಾಗುವ ಪ್ರಯೋಜನವೇನು ಎಂದು ವೀಮ್ಸ್ ಕೇಳುತ್ತಾನೆ. ಸೇನೆಯನ್ನು ನಡೆಸುವ, ರಾಷ್ಟ್ರಾಧ್ಯಕ್ಷನಾಗುವ ಅವಕಾಶ ಲಕ್ಷಕ್ಕೊಬ್ಬನಿಗೂ ಬಾರದು. ಅನುಕರಿಸಲು ಸಾಧ್ಯವಾಗುವುದು ಸಾರ್ವಜನಿಕ ವೈಭವವನ್ನಲ್ಲ, ಮನೆಯೊಳಗಿನ ನಡತೆಯನ್ನು. ಆದ್ದರಿಂದ ಮಕ್ಕಳಿಗೆ ತೋರಿಸಬೇಕಾದವನು ಮನೆಯೊಳಗಿನ ವಾಷಿಂಗ್ಟನ್. ಆ ಕಾಲಕ್ಕೆ ಇದು ಹೊಸ ನೋಟ. ಇದರ ಹೊಸತನ ತಿಳಿಯಬೇಕಾದರೆ ಅದೇ ವರ್ಷಗಳಲ್ಲಿ ಹೊರಬಂದ ಇನ್ನೊಂದು ಜೀವನಚರಿತ್ರೆಯನ್ನು ಪಕ್ಕದಲ್ಲಿಡಬೇಕು. ರಾಷ್ಟ್ರದ ಮುಖ್ಯ ನ್ಯಾಯಾಧೀಶನಾಗಿದ್ದ ಜಾನ್ ಮಾರ್ಷಲ್ 1804ರಿಂದ 1807ರವರೆಗೆ ಐದು ಸಂಪುಟಗಳಲ್ಲಿ ವಾಷಿಂಗ್ಟನ್ನನ ಅಧಿಕೃತ ಚರಿತ್ರೆಯನ್ನು ಬರೆದನು. ಮೊದಲ ಸಂಪುಟ ಪೂರ್ತಿ ವಸಾಹತುಗಳ ಇತಿಹಾಸ. ನಾಯಕನಿಗೆ ಅದರಲ್ಲಿ ಹೆಚ್ಚುಕಡಿಮೆ ಪ್ರವೇಶವೇ ಇಲ್ಲ. ಹಣ ಕೊಟ್ಟ ಚಂದಾದಾರರು ಗೊಣಗಿದರು. ಆ ಗೊಣಗಾಟವನ್ನು ಮನೆಬಾಗಿಲಲ್ಲಿ ನಿಂತು ಕೇಳಬೇಕಾದವರಲ್ಲಿ ವೀಮ್ಸ್‌ನೂ ಒಬ್ಬ, ಏಕೆಂದರೆ ಮಾರ್ಷಲ್ಲನ ಸಂಪುಟಗಳಿಗೆ ಚಂದಾ ಎತ್ತುವ ಕೆಲಸವನ್ನೂ ಅವನೇ ಮಾಡುತ್ತಿದ್ದನು.

ತೊಂದರೆಯೆಂದರೆ, ಮನೆಯೊಳಗಿನ ವಾಷಿಂಗ್ಟನ್ನನ ಬಗ್ಗೆ, ಅದರಲ್ಲೂ ಅವನ ಬಾಲ್ಯದ ಬಗ್ಗೆ, ದಾಖಲೆಗಳು ತೀರ ಕಡಿಮೆ. 1732ರಲ್ಲಿ ಹುಟ್ಟಿದ ಜಾರ್ಜ್‌ನ ತಂದೆ ಅಗಸ್ಟೀನ್ 1743ರಲ್ಲಿ, ಮಗನಿಗೆ ಹನ್ನೊಂದು ವರ್ಷವಾಗಿದ್ದಾಗ ತೀರಿಕೊಂಡನು. ಆ ಹನ್ನೊಂದು ವರ್ಷಗಳಲ್ಲಿ ತಂದೆಮಕ್ಕಳ ನಡುವೆ ಏನು ನಡೆಯಿತೆಂಬುದಕ್ಕೆ ಬರೆಹದ ಸಾಕ್ಷ್ಯವಿಲ್ಲ. ಕುಟುಂಬ ವಾಸವಾಗಿದ್ದ ಫೆರಿ ಫಾರ್ಮ್ ಎಂಬಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞರು ಮನೆಯ ತಳಪಾಯ ಸಿಕ್ಕಿತೆಂದು ಪ್ರಕಟಿಸಿದ್ದೇ 2008ರಲ್ಲಿ. ವೀಮ್ಸ್ ಪ್ರತಿಪಾದಿಸಿದ ಜೀವನಚರಿತ್ರೆಗೆ ಬೇಕಾಗಿದ್ದ ಸಾಮಗ್ರಿ ಎಲ್ಲಿ ಇರಲಿಲ್ಲವೋ ಅಲ್ಲಿಯೇ ಅವನ ಕಥೆಗಳು ಹುಟ್ಟಿಕೊಂಡವು. ಚೆರಿ ಮರದ ಪ್ರಸಂಗ 1800ರ ಪುಸ್ತಕದಲ್ಲಿಲ್ಲ. ಅದು ಮೊದಲು ಕಾಣಿಸಿಕೊಳ್ಳುವುದು 1806ರ ಐದನೆಯ ಆವೃತ್ತಿಯಲ್ಲಿ, ಬಾಲ್ಯದಲ್ಲಿ ಆ ಮನೆಯಲ್ಲಿ ಬಹುಕಾಲ ಕಳೆದ, ದೂರದ ಬಂಧುವಾದ ಒಬ್ಬ ವೃದ್ಧೆ ಹೇಳಿದಳೆಂಬ ಪೀಠಿಕೆಯೊಂದಿಗೆ. ಆ ವೃದ್ಧೆಗೆ ಹೆಸರಿಲ್ಲ.

ಎಲ್ಲರಿಗೂ ಗೊತ್ತಿದೆಯೆಂದುಕೊಂಡಿರುವ ಈ ಕಥೆಯನ್ನು ವೀಮ್ಸ್‌ನ ಪುಟದಲ್ಲಿ ಓದಿದವನಿಗೆ ಎರಡು ಅಚ್ಚರಿಗಳಿವೆ. ಮೊದಲನೆಯದು ಸಣ್ಣದು: ಅಲ್ಲಿ ಬಾಲಕ ಮರವನ್ನು ಕಡಿದುರುಳಿಸುವುದಿಲ್ಲ. ಆರು ವರ್ಷದ ಹುಡುಗ ತನ್ನ ಹೊಸ ಕೈಗೊಡಲಿಯ ಮೊನೆಯನ್ನು ಎಳೆಯ ಚೆರಿ ಮರದ ಮೇಲೆ ಪರೀಕ್ಷಿಸಿ, ಅದು ಮತ್ತೆ ಚೇತರಿಸಿಕೊಳ್ಳದಷ್ಟು ತೊಗಟೆಯನ್ನು ಕೆತ್ತಿಹಾಕುತ್ತಾನೆ. ಎರಡನೆಯ ಅಚ್ಚರಿ ಮುಖ್ಯವಾದದ್ದು. ಈ ಪ್ರಸಂಗಕ್ಕೆ ಮೊದಲು ವೀಮ್ಸ್ ತಂದೆಯ ಬಾಯಲ್ಲಿ ದೀರ್ಘವಾದ ಒಂದು ಮಾತನ್ನು ಆಡಿಸುತ್ತಾನೆ. ಮಗ ಸುಳ್ಳಾಡುವುದಕ್ಕಿಂತ ಸಾಯುವುದೇ ಮೇಲೆಂಬಷ್ಟು ಕಠಿಣವಾದ ಮಾತೂ ಅದರಲ್ಲಿದೆ. ಆದರೆ ತಂದೆ ಅಲ್ಲಿಗೇ ನಿಲ್ಲುವುದಿಲ್ಲ. ಮಕ್ಕಳು ಸುಳ್ಳುಗಾರರಾಗುವುದು ಎಷ್ಟೋ ಸಲ ತಂದೆತಾಯಿಗಳಿಂದಲೇ ಎನ್ನುತ್ತಾನೆ. ಸಣ್ಣಪುಟ್ಟ ತಪ್ಪಿಗೆಲ್ಲ ಮನಬಂದಂತೆ ಹೊಡೆದರೆ, ಹೆದರಿದ ಮಗು ಏಟು ತಪ್ಪಿಸಿಕೊಳ್ಳಲು ಸುಳ್ಳಿನ ಮೊರೆ ಹೋಗದೆ ಮತ್ತೇನು ಮಾಡೀತು? ಆದುದರಿಂದ ತಪ್ಪು ಮಾಡಿದಾಗ ನಿರ್ಭಯವಾಗಿ ಬಂದು ಹೇಳು, ನಾನು ಹೊಡೆಯುವುದಿಲ್ಲ ಎಂಬ ಭರವಸೆಯನ್ನು ಅವನು ಮಗನಿಗೆ ಮೊದಲೇ ಕೊಟ್ಟಿರುತ್ತಾನೆ. ಚೆರಿ ಮರದ ಪ್ರಸಂಗ ಈ ಭರವಸೆಯ ಪರೀಕ್ಷೆ. ಬಾಲಕ ಸತ್ಯ ಹೇಳುತ್ತಾನೆ. ತಂದೆ ಕೊಟ್ಟ ಮಾತಿಗೆ ತಪ್ಪದೆ ಅವನನ್ನು ಅಪ್ಪಿಕೊಳ್ಳುತ್ತಾನೆ. ಪರೀಕ್ಷೆಗೊಳಗಾದವರು ಇಬ್ಬರು.

ಬೆತ್ತವೇ ಗುರುವೆಂದು ನಂಬಿದ್ದ ಕಾಲದಲ್ಲಿ ಪಾದ್ರಿಯೊಬ್ಬ ಮಕ್ಕಳನ್ನು ಹೊಡೆಯಬೇಡಿರೆಂದು ಬರೆದದ್ದು ಕ್ಷುಲ್ಲಕ ಸಂಗತಿಯಲ್ಲ. ವಿಪರ್ಯಾಸವೆಂದರೆ ಪಠ್ಯಪುಸ್ತಕಗಳು ಎತ್ತಿಕೊಂಡದ್ದು ಇದನ್ನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಮನೆಗೂ ಹೋದ ಮೆಕ್‌ಗಫಿ ವಾಚಕಗಳು ಮೊದಲುಗೊಂಡು ನೂರಾರು ಪುಸ್ತಕಗಳಲ್ಲಿ ಕಥೆ ಅಚ್ಚಾಯಿತು; ತಂದೆಗೆ ಹೇಳಿದ್ದ ಬುದ್ಧಿಮಾತು ಸಂಕ್ಷೇಪಗಳ ನಡುವೆ ಜಾರಿಹೋಗಿ ಮಗನಿಗೆ ಹೇಳಿದ್ದು ಮಾತ್ರ ಉಳಿಯಿತು. ಶಿಕ್ಷಕರಿಗೆ ಅನುಕೂಲವಾದ ಅರ್ಧವನ್ನು ಶಾಲೆಗಳು ಇಟ್ಟುಕೊಂಡವೆಂದರೆ ತಪ್ಪಾಗಲಾರದು.

ಹಾಗೆಂದು ವೀಮ್ಸ್‌ನ ಮೇಲಿನ ಆಪಾದನೆ ಹಗುರವಾಗುವುದಿಲ್ಲ. ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಹರಿಹರನ ರಗಳೆಗಳು ನೆನಪಾಗುವುದು ಸಹಜ. ಶರಣರ ಬಾಳನ್ನು ಹೇಳುವಾಗ ಹರಿಹರನು ಕಂಡದ್ದನ್ನೂ ಕೇಳಿದ್ದನ್ನೂ ಭಕ್ತಿಯಲ್ಲಿ ಕಲ್ಪಿಸಿದ್ದನ್ನೂ ಬೆರೆಸುತ್ತಾನೆ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ, ಏಕೆಂದರೆ ಕವಿಗೂ ಕೇಳುಗನಿಗೂ ನಡುವೆ ಆ ಕುರಿತು ಒಂದು ತಿಳಿವಳಿಕೆಯಿದೆ. ವೀಮ್ಸ್‌ನದು ಬೇರೆ ಬಗೆ. ಅವನು ಸಾಕ್ಷಿಯನ್ನು ಕರೆತರುತ್ತಾನೆ, ತಾನು ಪಾದ್ರಿಯಾಗಿದ್ದ ಪ್ಯಾರಿಷ್ಷನ್ನು ತೋರಿಸುತ್ತಾನೆ, ಇದು ನಡೆದದ್ದೆಂದು ಓದುಗನಿಂದ ಒಪ್ಪಿಗೆ ಪಡೆಯುತ್ತಾನೆ. ಪುರಾಣ ಬರೆದದ್ದು ದೋಷವಲ್ಲ. ಪುರಾಣಕ್ಕೆ ಸಾಕ್ಷಿಪತ್ರ ಹೊಂದಿಸಿದ್ದು ದೋಷ. ಚಿಕ್ಕ ಮಗುವಿಗೆ ಆ ಸಾಕ್ಷಿಪತ್ರವನ್ನು ಪರೀಕ್ಷಿಸುವ ಶಕ್ತಿಯಿಲ್ಲದ್ದರಿಂದ ದೋಷ ಇನ್ನೂ ಹೆಚ್ಚಿನದು.

ಉಳಿದ ಕಥೆಗಳಲ್ಲಿಯೂ ಇದೇ ರೀತಿ. ತಂದೆ ತೋಟದಲ್ಲಿ ಮಗನ ಹೆಸರಿನ ಅಕ್ಷರಗಳ ಆಕಾರದಲ್ಲಿ ಎಲೆಕೋಸಿನ ಬೀಜ ಬಿತ್ತಿ, ಮೊಳಕೆ ಬಂದಾಗ ಮಗನ ಅಚ್ಚರಿಯನ್ನೇ ನೆಪವಾಗಿ ಹಿಡಿದು ಸೃಷ್ಟಿಕರ್ತನ ಇರವನ್ನು ತಿಳಿಸಿಕೊಡುವ ಪ್ರಸಂಗವೊಂದಿದೆ. ಸ್ಕಾಟ್ಲೆಂಡಿನ ಕವಿ ಹಾಗೂ ಪ್ರಾಧ್ಯಾಪಕ ಜೇಮ್ಸ್ ಬೀಟಿ ತನ್ನ ಮಗನಿಗೆ ಇದೇ ಉಪಾಯದಿಂದ ಪಾಠ ಹೇಳಿದ್ದನ್ನು ಮೊದಲೇ ಬರೆದಿದ್ದನು. ಸೊಪ್ಪಿನ ಜಾತಿ ಬೇರೆ, ಅಷ್ಟೆ. ಇನ್ನೊಂದು, 1777–78ರ ಚಳಿಗಾಲದಲ್ಲಿ ಸೇನೆ ವ್ಯಾಲಿ ಫೋರ್ಜ್‌ನಲ್ಲಿ ಬೀಡುಬಿಟ್ಟಿದ್ದಾಗ ವಾಷಿಂಗ್ಟನ್ ಕಾಡಿನಲ್ಲಿ ಒಬ್ಬನೇ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನು ಪಾಟ್ಸ್ ಎಂಬ ಕ್ವೇಕರ್ ಪಂಥದವನೊಬ್ಬ ಮರೆಯಲ್ಲಿ ನಿಂತು ಕಂಡನೆಂಬುದು. ಇದಕ್ಕೂ ಸಮಕಾಲೀನ ಆಧಾರ ದೊರೆತಿಲ್ಲ. ಆದರೂ 1928ರಲ್ಲಿ ಅಮೆರಿಕದ ಅಂಚೆ ಇಲಾಖೆ ಆ ಪ್ರಾರ್ಥನೆಯ ದೃಶ್ಯವನ್ನು ಎರಡು ಸೆಂಟಿನ ಅಂಚೆಚೀಟಿಯಾಗಿ ಅಚ್ಚು ಹಾಕಿತು.

ವಾಷಿಂಗ್ಟನ್ನನ ಮನೆಯೊಳಗನ್ನು ನಿಜವಾಗಿಯೂ ಕಂಡಿದ್ದವರು ಬೇರೆ ಇದ್ದರು. ತಂದೆ ಸತ್ತಾಗ ಹನ್ನೊಂದು ವರ್ಷದ ಜಾರ್ಜ್‌ಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿಯಲ್ಲಿ ಹತ್ತು ಮಂದಿ ಗುಲಾಮರು ಸೇರಿದ್ದರು. ಅವನು ಸಾಯುವ ವರ್ಷ ಮೌಂಟ್ ವರ್ನನ್ನಿನಲ್ಲಿದ್ದ ಗುಲಾಮರ ಸಂಖ್ಯೆ 300ಕ್ಕೂ ಹೆಚ್ಚು. ತನ್ನ ಸ್ವಂತ ಒಡೆತನದಲ್ಲಿದ್ದವರಿಗೆ ಹೆಂಡತಿಯ ಕಾಲಾನಂತರ ಬಿಡುಗಡೆಯಾಗಬೇಕೆಂದು ಮರಣಶಾಸನದಲ್ಲಿ ಅವನು ಬರೆದಿಟ್ಟದ್ದು ನಿಜ. ಮಾರ್ಥಾಳ ಕಡೆಯಿಂದ ಬಂದಿದ್ದವರಿಗೆ ಅದು ಅನ್ವಯವಾಗಲಿಲ್ಲ. ಆ ಪೈಕಿ ಓನಾ ಜಡ್ಜ್ ಎಂಬ ತರುಣಿ 1796ರ ಮೇ ತಿಂಗಳಿನಲ್ಲಿ ಫಿಲಡೆಲ್ಫಿಯಾದ ಅಧ್ಯಕ್ಷನ ಮನೆಯಿಂದ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಅವಳನ್ನು ಹಿಂದಕ್ಕೆ ತರಿಸಲು ವಾಷಿಂಗ್ಟನ್ ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. 1845ರಲ್ಲಿ, ವೀಮ್ಸ್ ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೆ, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಪತ್ರಿಕೆಯೊಂದು ಮುದುಕಿಯಾಗಿದ್ದ ಅವಳನ್ನು ಕಂಡು ಮಾತಾಡಿಸಿತು. ವಾಷಿಂಗ್ಟನ್ನನ ದೈವಭಕ್ತಿಯ ಬಗ್ಗೆ, ಪ್ರಾರ್ಥನೆಗಳ ಬಗ್ಗೆ ಜನ ಹೇಳುವ ಕಥೆಗಳಿಗೆ ತಾನು ಆ ಮನೆಯಲ್ಲಿದ್ದಷ್ಟು ಕಾಲ ಕಂಡುಕೇಳಿದ ಮಟ್ಟಿಗೆ ಆಧಾರವಿಲ್ಲವೆಂದು ಅವಳು ಹೇಳಿದಳು. ವೀಮ್ಸ್ ಕರೆತಂದ ವೃದ್ಧೆಗೆ ಹೆಸರಿರಲಿಲ್ಲ. ಈ ವೃದ್ಧೆಗೆ ಹೆಸರಿತ್ತು, ಊರಿತ್ತು, ಆ ಮನೆಯಲ್ಲಿ ದುಡಿದ ವರ್ಷಗಳಿದ್ದವು. ಎಳೆಯರ ಪುಸ್ತಕಗಳನ್ನು ಬರೆದವರು ಮಾತ್ರ ಬಹುಕಾಲ ಮೊದಲನೆಯವಳ ಮಾತನ್ನೇ ನಂಬಿದರು. ವೀಮ್ಸ್‌ನ ಚೆರಿ ಮರಕ್ಕಿಂತ ದೊಡ್ಡ ಅಸತ್ಯ ಇದೇ ಇರಬಹುದು: ಸೇರಿಸಿದ್ದಕ್ಕಿಂತ ಬಿಟ್ಟದ್ದು.

ವೀಮ್ಸ್‌ನ ಇತರ ಜೀವನಚರಿತ್ರೆಗಳಲ್ಲಿ 1809ರ ಫ್ರಾನ್ಸಿಸ್ ಮೇರಿಯನ್ ಚರಿತ್ರೆಗೆ ಒಂದು ಸ್ವಾರಸ್ಯವಿದೆ. ದಕ್ಷಿಣ ಕ್ಯಾರೊಲೈನದ ಜೌಗು ಕಾಡುಗಳಲ್ಲಿ ಅಡಗಿದ್ದು ಬ್ರಿಟಿಷರನ್ನು ಕಾಡಿದ ಈ ಸೇನಾನಿಯ ಜೊತೆಯಲ್ಲಿ ಕಾದಿದ್ದ ಪೀಟರ್ ಹೋರಿ ಎಂಬಾತ ತಾನು ಬರೆದಿಟ್ಟ ವಿವರಗಳನ್ನು ವೀಮ್ಸ್‌ನ ಕೈಗೆ ಕೊಟ್ಟನು. ಅಚ್ಚಾಗಿ ಬಂದದ್ದನ್ನು ಓದಿದ ಹೋರಿಗೆ ತನ್ನ ಚರಿತ್ರೆಯ ಗುರುತು ಸಿಗಲಿಲ್ಲ. ಅದು ಕಾದಂಬರಿಯಾಗಿತ್ತು, ಶೀರ್ಷಿಕೆ ಪುಟದಲ್ಲಿ ಅವನ ಹೆಸರೂ ಇತ್ತು. ಇದು ತನ್ನದಲ್ಲವೆಂದು ಹೋರಿ ನೊಂದು ಬರೆದನು. ಇಲ್ಲಿ ವೀಮ್ಸ್‌ಗೆ ಸಾಮಗ್ರಿಯ ಕೊರತೆಯ ನೆಪವೂ ಇರಲಿಲ್ಲ. ಪುಸ್ತಕವಂತೂ ಖರ್ಚಾಯಿತು. ಫ್ರ್ಯಾಂಕ್ಲಿನ್‌ನ ಚರಿತ್ರೆ 1815ರಲ್ಲಿ, ವಿಲಿಯಂ ಪೆನ್‌ನದು 1822ರಲ್ಲಿ ಬಂದವು. ಕುಡಿತ, ಜೂಜು, ದ್ವಂದ್ವಯುದ್ಧ ಮುಂತಾದವನ್ನು ಖಂಡಿಸುವ ಕಿರುಹೊತ್ತಗೆಗಳನ್ನೂ ಅವನು ಸಾಕಷ್ಟು ಬರೆದನು. ನೀತಿಗಿಂತ ಅಪರಾಧದ ವರ್ಣನೆಯೇ ಅವುಗಳಲ್ಲಿ ಹೆಚ್ಚು ಸೊಗಸಾಗಿದೆ.

ಇಷ್ಟೆಲ್ಲ ಮಾರಿದವನು ಸಿರಿವಂತನಾಗಲಿಲ್ಲ. ವಾಷಿಂಗ್ಟನ್ ಚರಿತ್ರೆಯ ಗ್ರಂಥಸ್ವಾಮ್ಯವನ್ನು ಅವನು 1808ರಲ್ಲಿ 1000 ಡಾಲರಿಗೆ ಕ್ಯಾರಿಗೆ ಮಾರಿಬಿಟ್ಟನು. ಆಮೇಲೆ ಆವೃತ್ತಿಯ ಮೇಲೆ ಆವೃತ್ತಿ ಹೊರಬೀಳುವುದನ್ನು ಕಂಡು ತನಗೆ ಅನ್ಯಾಯವಾಯಿತೆಂದು ಹಲುಬಿದನು; ಪುಸ್ತಕವನ್ನು ಇನ್ನಷ್ಟು ಬೆಳೆಸಿ ಹೊಸದಾಗಿ ಬರೆಯುತ್ತೇನೆ, ಅವಕಾಶ ಕೊಡಿ ಎಂದು ಕೇಳಿಕೊಂಡನು. ಅದು ಈಡೇರಲಿಲ್ಲ. ತನ್ನದೇ ಪುಸ್ತಕವನ್ನು ಇನ್ನೊಬ್ಬರ ಸರಕಾಗಿ ಗಾಡಿಯಲ್ಲಿ ಹೊತ್ತು ಮಾರುತ್ತ ಉಳಿದ ವರ್ಷಗಳನ್ನು ಕಳೆದನು. ಅರುವತ್ತೈದು ವರ್ಷ ವಯಸ್ಸಿನಲ್ಲಿ, 1825ರ ಮೇ 23ರಂದು, ಮನೆಯಿಂದ ಬಹುದೂರದ ದಕ್ಷಿಣ ಕ್ಯಾರೊಲೈನದ ಬೋಫರ್ಟ್ ಎಂಬಲ್ಲಿ, ಪುಸ್ತಕ ಮಾರುವ ಸಂಚಾರದ ನಡುವೆಯೇ ಅವನು ಕೊನೆಯುಸಿರೆಳೆದನು. ಅನಂತರ ದೇಹವನ್ನು ವರ್ಜೀನಿಯಾಕ್ಕೆ ತಂದು ಯೂಯೆಲ್ ಮನೆತನದ ಬೆಲ್ ಏರ್ ಎಸ್ಟೇಟಿನಲ್ಲಿ ಮಣ್ಣು ಮಾಡಲಾಯಿತು.

ಪುಸ್ತಕ ಉಳಿಯಿತು. ಇಂಡಿಯಾನಾದ ಕಾಡಂಚಿನ ಗುಡಿಸಲಿನಲ್ಲಿ ಅದನ್ನು ಓದಿದ ಹುಡುಗರಲ್ಲೊಬ್ಬ ಅಬ್ರಹಾಂ ಲಿಂಕನ್. ಎರವಲು ತಂದ ವಾಷಿಂಗ್ಟನ್ ಚರಿತ್ರೆ ಮಳೆಯಲ್ಲಿ ನೆನೆದುಹೋಗಿ, ಅದರ ಬೆಲೆಗಾಗಿ ಲಿಂಕನ್ ಹೊಲದಲ್ಲಿ ಕೂಲಿ ಮಾಡಿದನೆಂಬ ಕಥೆಯಿದೆ. ಆ ಪುಸ್ತಕ ವೀಮ್ಸ್‌ನದೆಂದು ಕೆಲವರು, ಡೇವಿಡ್ ರ‍್ಯಾಮ್ಸೆಯದೆಂದು ಕೆಲವರು. ವಾಷಿಂಗ್ಟನ್ನನಿಗೆ ಚೆರಿ ಮರ ಅಂಟಿಕೊಂಡಂತೆ ಲಿಂಕನ್ನನಿಗೂ ಒಂದು ಕಥೆ ಬೇಕಾಗಿತ್ತೇನೋ. ಕಥೆಯನ್ನು ಬಿಟ್ಟು ದಾಖಲೆಗೆ ಬಂದರೆ, ರಾಷ್ಟ್ರಾಧ್ಯಕ್ಷನಾಗಿ ಅಧಿಕಾರ ವಹಿಸಿಕೊಳ್ಳಲು ಹೊರಟಿದ್ದ ಲಿಂಕನ್ 1861ರ ಫೆಬ್ರವರಿ 21ರಂದು ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ ಅಲ್ಲಿನ ಸೆನೆಟ್ಟನ್ನು ಉದ್ದೇಶಿಸಿ ಮಾತಾಡುತ್ತ ವೀಮ್ಸ್‌ನ ಹೆಸರನ್ನೇ ಹೇಳಿ ಆ ಸಣ್ಣ ಪುಸ್ತಕವನ್ನು ನೆನೆದನು. ಓದಲು ಕಲಿತ ಹೊಸತರಲ್ಲಿ ಅದು ತನ್ನ ಕೈಗೆ ಸಿಕ್ಕಿತೆಂದೂ, ಟ್ರೆಂಟನ್ ಕಾಳಗ, ನದಿ ದಾಟಿದ್ದು, ಅಂದು ಸೈನಿಕರು ಪಟ್ಟ ಪಾಡು ಇವೆಲ್ಲ ಮನಸ್ಸಿನಲ್ಲಿ ನಾಟಿದವೆಂದೂ, ಅಷ್ಟು ಕಷ್ಟಪಟ್ಟವರು ಯಾವುದೋ ಅಸಾಮಾನ್ಯವಾದದ್ದಕ್ಕಾಗಿ ಹೋರಾಡಿರಬೇಕೆಂದು ಹುಡುಗನಾಗಿದ್ದ ತನಗೆ ಆಗಲೇ ಅನ್ನಿಸಿತ್ತೆಂದೂ ಅವನು ಹೇಳಿದನು. ಆ ಭಾಷಣದಲ್ಲಿ ಚೆರಿ ಮರದ ಪ್ರಸ್ತಾಪವಿಲ್ಲ. ಬಾಲಕನಿಗೆ ನೆನಪುಳಿದದ್ದು ನಡೆದ ಘಟನೆಗಳು. ಆ ಘಟನೆಗಳನ್ನು ಮಗುವಿನ ಎದೆಗೆ ಮುಟ್ಟುವಂತೆ ಹೇಳುವ ಕಸುಬು ವೀಮ್ಸ್‌ಗೆ ಗೊತ್ತಿತ್ತೆಂಬುದನ್ನು ಅವನ ಕಟು ವಿಮರ್ಶಕರೂ ಒಪ್ಪಲೇಬೇಕು.

ಅಂಥ ವಿಮರ್ಶಕರಿಗೆ ಕೊರತೆಯಿರಲಿಲ್ಲ. ಹೆನ್ರಿ ಕ್ಯಾಬಟ್ ಲಾಜ್ 1889ರಲ್ಲಿ ಬರೆದ ವಾಷಿಂಗ್ಟನ್ ಚರಿತ್ರೆಯಲ್ಲಿ ವೀಮ್ಸ್‌ನ ಕಥೆಗಳನ್ನು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕಿದನು. ಆ ಪೀಳಿಗೆಯ ಇತಿಹಾಸಕಾರರಿಗೆ ವೀಮ್ಸ್ ಹಾಸ್ಯದ ವಸ್ತುವಾದನು. ಅವನನ್ನು ಮತ್ತೆ ಗಂಭೀರ ಅಧ್ಯಯನಕ್ಕೆ ತಂದದ್ದು ಎಮಿಲಿ ಫೋರ್ಡ್ ಸ್ಕೀಲ್. ತಮ್ಮ ಸೋದರ ಪಾಲ್ ಲೆಸ್ಟರ್ ಫೋರ್ಡ್ ಆರಂಭಿಸಿ ಪೂರೈಸಲಾಗದೆ ಹೋದ ಕೆಲಸವನ್ನು ಆಕೆ ಮುಂದುವರಿಸಿ, ವೀಮ್ಸ್‌ನ ಪತ್ರಗಳನ್ನೂ ಕೃತಿಸೂಚಿಯನ್ನೂ 1929ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು. ಕಥೆ ಕಟ್ಟಿದವನ ಕುರಿತು ಒಂದೂ ಕಥೆ ಕಟ್ಟದೆ, ಪತ್ರ ಪತ್ರವನ್ನೂ ಹುಡುಕಿ ಜೋಡಿಸಿದ ಪರಿಶ್ರಮ ಅದು. ಮಾರ್ಕಸ್ ಕನ್ಲಿಫ್ 1962ರಲ್ಲಿ ಸಂಪಾದಿಸಿದ ವಾಷಿಂಗ್ಟನ್ ಚರಿತ್ರೆಯ ಆವೃತ್ತಿ ಈ ತಳಹದಿಯ ಮೇಲೆ ನಿಂತಿದೆ.

ಈ ಎರಡರ ನಡುವೆ, 1939ರಲ್ಲಿ, ಗ್ರ್ಯಾಂಟ್ ವುಡ್ ಎಂಬ ಕಲಾವಿದ ವೀಮ್ಸ್‌ನ ಕಥೆಯನ್ನೇ ಚಿತ್ರಿಸಿದನು. ಚಿತ್ರದ ಮುಂಭಾಗದಲ್ಲಿ ವೀಮ್ಸ್ ಪರದೆಯೊಂದನ್ನು ಸರಿಸಿ, ನಾಟಕದ ಸೂತ್ರಧಾರನಂತೆ ಒಳಗಿನ ದೃಶ್ಯವನ್ನು ಬೆರಳಿಟ್ಟು ತೋರಿಸುತ್ತಿದ್ದಾನೆ. ಬಾಗಿದ ಚೆರಿ ಮರವನ್ನು ತಂದೆ ಹಿಡಿದಿದ್ದಾನೆ. ಕೊಡಲಿ ಹಿಡಿದ ಪುಟ್ಟ ಬಾಲಕನ ಮುಖ ಮಾತ್ರ ಬಾಲಕನದಲ್ಲ. ಡಾಲರ್ ನೋಟಿನ ಮೇಲಿರುವ ಮುದಿ ವಾಷಿಂಗ್ಟನ್ನನದು. ನೋಡಿದವರು ನಗುತ್ತಾರೆ. ಹಿನ್ನೆಲೆಯಲ್ಲಿ, ದೂರದ ಇನ್ನೊಂದು ಚೆರಿ ಮರದಿಂದ ಇಬ್ಬರು ಕಪ್ಪು ಜನ ಹಣ್ಣು ಕೀಳುತ್ತಿದ್ದಾರೆ. ವೀಮ್ಸ್‌ನ ಬೆರಳು ಆ ಕಡೆಗೆ ಚಾಚಿಲ್ಲ. ಎರಿಕಾ ಆರ್ಮ್‌ಸ್ಟ್ರಾಂಗ್ ಡನ್‌ಬಾರ್ ಎಂಬ ಇತಿಹಾಸಕಾರ್ತಿ 2017ರಲ್ಲಿ ಓನಾ ಜಡ್ಜ್‌ಳ ಜೀವನಚರಿತ್ರೆಯನ್ನು ಪ್ರಕಟಿಸಿದರು. ಅದನ್ನು ಎಳೆಯ ಓದುಗರಿಗೆಂದೇ ಸಿದ್ಧಪಡಿಸಿದ ಆವೃತ್ತಿ 2019ರಲ್ಲಿ ಹೊರಬಂದಿತು.